ಅಕ್ಕ ಬಿಟ್ಟುಕೊಟ್ಟ ಮಾತು

ಅಕ್ಕನ ಎಡಗಿವಿಯ ಹಾಲೆ ಎರಡು ಸೀಳಾಗಿತ್ತು. ಓಲೆ ಅದರಲ್ಲಿ ನಿಲ್ಲುತ್ತಿರಲಿಲ್ಲ. ಓಲೆಗೆ ಕರಿದಾರ ಪೋಣಿಸಿ, ಅದನ್ನು ಕಿವಿಯ ಮೇಲಿಂದ ಸುತ್ತಿ ಇಳಿಬಿಡುತ್ತಿದ್ದಳು. ಸೀಳಿದವನು ನಾನೇ. ಅವ್ವ ಕಳೆ ತೆಗೆಯಲು ಹೋದರೆ ನನ್ನನ್ನು ಸೊಂಟದ ಮೇಲೆ ಹೊತ್ತು ತಿರುಗುತ್ತಿದ್ದವಳು ಅಕ್ಕ. ಕೂಸಾಗಿದ್ದ ನಾನು ಒಂದು ದಿನ ಓಲೆ ಹಿಡಿದು ಜಗ್ಗಿಬಿಟ್ಟೆನಂತೆ. ಮುಂದೆ ನಾನು ಕೊಟ್ಟೂರಿನಲ್ಲಿ ಮೋಟಾರ್ ವೈಂಡಿಂಗ್ ಅಂಗಡಿ ಇಟ್ಟಾಗ, ಗಿರಾಕಿಗಳಿಗೆ ಕಿವಿ ತೋರಿಸಿ, “ನಮ್ಮ ತಮ್ಮ ಮಾಡಿದ ಮೊದಲನೇ ರಿಪೇರಿ ಇದು ನೋಡ್ರಿ” ಎನ್ನುತ್ತಿದ್ದಳು.

ಆಕೆಯನ್ನು ಕೊಟ್ಟಿದ್ದು ತಂಬ್ರಹಳ್ಳಿಗೆ, ಹೊಲವಿದ್ದ ಮನೆಗೆ. ಯಾರ ಮನೆಗೆ ಹೋದರೂ ಸುಮ್ಮನೆ ಕೂರುವವಳಲ್ಲ. ಮೊರ ಇಸಿದುಕೊಂಡು, ಕಾಳು ಹಸನು ಮಾಡುತ್ತಲೇ ಮಾತು. ಅಪ್ಪ ತೀರಿಕೊಂಡು ನಾನು ಏಳನೇ ತರಗತಿಗೆ ಶಾಲೆ ಬಿಟ್ಟಾಗ ನನ್ನನ್ನು ಹರಪನಹಳ್ಳಿಗೆ ಕರೆದೊಯ್ದು ವೈಂಡಿಂಗ್ ಉಸ್ತಾದರ ಮುಂದೆ ನಿಲ್ಲಿಸಿದವಳೂ ಆಕೆಯೇ. “ಹೊಡೀರಿ, ಬ್ಯಾಡನ್ನಂಗಿಲ್ಲ. ಆದ್ರ ಕಲಿಸ್ರಿ” ಎಂದಿದ್ದಳು. ಅವರು ಎರಡನ್ನೂ ನಡೆಸಿಕೊಟ್ಟರು. ಇವತ್ತು ನನ್ನ ಕೈಯಲ್ಲಿ ಸುತ್ತಿದ ಮೋಟಾರು ವರ್ಷದೊಳಗೆ ಸುಟ್ಟು ವಾಪಸು ಬರುವುದಿಲ್ಲ. ಹೇಳಿದ ಹೊತ್ತಿಗೆ ಕೊಡದೆ ಇದ್ದದ್ದೂ ಇಲ್ಲ. ಕೊಟ್ಟ ಮಾತು ಅಂದರೆ ಮಾತು, ಅದರಲ್ಲಿ ನನಗೆ ಸ್ವಲ್ಪ ಜಂಬವೇ ಇತ್ತು.

ನನ್ನ ಮಗಳನ್ನು ತೊಟ್ಟಿಲಿಗೆ ಹಾಕಿದ ದಿನ ಅಕ್ಕ, “ಈಕಿ ನನ್ನ ಸೊಸಿ” ಅಂದಳು. ನಾನು ಹೂಂ ಅಂದೆ. ಅಕ್ಕನ ಮಗನಿಗೆ ತಮ್ಮನ ಮಗಳು. ನಮ್ಮ ಕಡೆ ಅದು ಕೇಳಿ ಪಡೆಯುವುದಲ್ಲ, ಹಕ್ಕು. ಪ್ರತಿ ಪಂಚಮಿಗೆ ತವರಿಗೆ ಬರುವಾಗ ಸೊಸೆಗೆ ಹೊಲಿಸಿ ತೊಡಲೆಂದು ಒಂದು ಕುಬಸದ ಕಣ ತರುತ್ತಿದ್ದಳು. ಹುಡುಗನೂ ಒಳ್ಳೆಯವನೇ, ತೆಗೆದುಹಾಕುವ ಮಾತೇ ಇಲ್ಲ.

ಎರಡು ಸಾವಿರದ ಇಸವಿ ದಾಟಿದ ಹೊಸತು. ದಾವಣಗೆರೆಯಲ್ಲಿ ಬಿ.ಎಸ್ಸಿ. ಓದುತ್ತಿದ್ದ ಮಗಳು ಹಾಲೆಂಡಿನ ವಿಶ್ವವಿದ್ಯಾಲಯವೊಂದರಲ್ಲಿ ಒಂದು ವರ್ಷ ಬೀಜಗಳ ವಿಷಯ ಓದಲು ಅರ್ಜಿ ಹಾಕಿದಳು. ಖರ್ಚೆಲ್ಲ ಅವರದೇ. ಅವಳ ಕಾಲೇಜಿನಿಂದ ಒಬ್ಬರಿಗಷ್ಟೇ ಅವಕಾಶ. ಬರೆಯುವ ಪರೀಕ್ಷೆಯಲ್ಲಿ ಗೆದ್ದಳು. ಆಮೇಲೆ ಕಾಗದ ಬಂತು: ಪಾಲಕರು ಖುದ್ದಾಗಿ ಬರಬೇಕು. ಹಿಂದಿನ ವರ್ಷ ಹೋಗಿದ್ದ ಹುಡುಗಿಯೊಬ್ಬಳನ್ನು ಮದುವೆಗೆಂದು ಮನೆಯವರು ನಡುವೆಯೇ ಕರೆಸಿಕೊಂಡಿದ್ದರಂತೆ. ಆದ್ದರಿಂದ ಈ ಸಲ ಅಪ್ಪ-ಅವ್ವನ ಬಾಯಿಂದಲೇ ಕೇಳಿಕೊಂಡು ಆರಿಸುತ್ತಾರಂತೆ.

ಅಂದಿನಿಂದ ನನಗೆ ಅನ್ನ ಸೇರಲಿಲ್ಲ. ವೈಂಡಿಂಗ್ ಮಾಡುವಾಗ ಸುತ್ತಿನ ಲೆಕ್ಕ ತಪ್ಪಿ, ಸುತ್ತಿದ ತಂತಿಯನ್ನೆಲ್ಲ ಬಿಚ್ಚಿದೆ. ಅಂಥದ್ದು ಉಸ್ತಾದರ ಕೈಕೆಳಗಿದ್ದಾಗಲೂ ಆಗಿರಲಿಲ್ಲ. ಮನೆಗೆ ಬಂದಿದ್ದ ಮಗಳು ಊಟದ ಹೊತ್ತಿನಲ್ಲಿ ನನ್ನ ಮುಖ ನೋಡುವಳು, ತಟ್ಟೆ ನೋಡುವಳು. ಅದೇ ಕಷ್ಟ.

ದಾವಣಗೆರೆಗೆ ಹೋಗಬೇಕಾದ ಹಿಂದಿನ ದಿನ ಸಂಜೆ ಅಕ್ಕ ತಾನೇ ಬಂದಳು. ಸುಗ್ಗಿ ಮುಗಿದಿತ್ತು. ಬೇಸಿಗೆಯಲ್ಲಿ ಅಕ್ಕಿಕಾಳು ಹಾಕಿ ಮದುವೆ ಮುಗಿಸಿಬಿಡೋಣ, ಮುಹೂರ್ತ ನೋಡಿಸು ಅಂತ ಹೇಳಲು ಬಂದಿದ್ದಳು. ನಾನು ಇದ್ದದ್ದನ್ನು ಇದ್ದ ಹಾಗೆ ಹೇಳಿದೆ. ಮೊರ ಆಡಿಸುತ್ತಿದ್ದ ಕೈ ನಿಂತಿತು. ಆಮೇಲೆ ಮತ್ತೆ ಆಡಿತು. ಹಸಿವಿಲ್ಲವೆಂದು ಮಲಗಿದಳು.

ಬೆಳಗ್ಗೆ ನೋಡಿದರೆ ನಮಗಿಂತ ಮೊದಲೇ ಇಳಕಲ್ ಸೀರೆ ಉಟ್ಟು ಕಟ್ಟೆಯ ಮೇಲೆ ಕೂತಿದ್ದಾಳೆ. “ನಾನೂ ಬರ್ತೀನಿ” ಅಂದಳು. ನನ್ನ ಹೆಂಡತಿ ಒಳಗೆ ಕರೆದು, ಅಲ್ಲಿ ನಾಲ್ಕು ಜನರೆದುರು ಹುಡುಗಿ ತನ್ನ ಸೊಸೆ ಅಂದುಬಿಟ್ಟರೆ ಏನು ಗತಿ ಎಂದು ಪಿಸುಗುಟ್ಟಿದಳು. ಬರಬೇಡ ಅನ್ನುವ ಬಾಯಿ ನನಗೆಲ್ಲಿತ್ತು? ಬಸ್ಸಿನಲ್ಲಿ ಕಿಟಕಿ ಪಕ್ಕ ಕೂತ ಅಕ್ಕ ಉಚ್ಚಂಗಿದುರ್ಗದ ಅಮ್ಮನ ಗುಡ್ಡದ ಕಡೆ ತಿರುಗಿ ಕೈಮುಗಿದಳು. ಏನು ಬೇಡಿಕೊಂಡಳೋ ಎಂದು ದಾವಣಗೆರೆವರೆಗೂ ಯೋಚಿಸುತ್ತ ಕೂತೆ.

ಕೋಣೆಯಲ್ಲಿ ಮೂವರು ಕೂತಿದ್ದರು. ನಡುವಿನ ಮೇಡಂ ನೇರವಾಗಿ ಕೇಳಿದರು: “ನಿಮ್ಮ ಮಗಳಿಗೆ ಎಲ್ಲಾದರೂ ಮದುವೆ ಮಾತು ಆಗಿದೆಯಾ?”

ಆಗಿಲ್ಲ ಎಂದರೆ ಅಕ್ಕನೆದುರು ಸುಳ್ಳು. ಆಗಿದೆ ಎಂದರೆ ಮಗಳ ಕಥೆ ಅಲ್ಲಿಗೇ ಮುಗಿಯಿತು.

“ಆಗೇತ್ರಿ” ಅಂದಳು ಅಕ್ಕ. “ತೊಟ್ಟಿಲಾಗಿದ್ದಾಗ ಆಗೇತಿ. ನನ್ನ ಮಗಗ.”

ಮೇಡಂ ಪೆನ್ನು ಕೆಳಗಿಟ್ಟರು.

“ಆ ಮಾತು ನಾನು ಬಿಟ್ಟೀನ್ರಿ. ಬರಕೊಳ್ರಿ.”

ಒಂದು ವರ್ಷ ಕಾಯುತ್ತೀರಾ, ಅಷ್ಟೇ ಸಾಕು ಎಂದರು ಮೇಡಂ. ಅಕ್ಕ ಇಲ್ಲವೆಂದು ತಲೆಯಾಡಿಸಿದಳು. “ಕಾಯ್ತೀನಿ ಅಂದ್ರ ಆಕಿ ಅಲ್ಲಿ ಓದಂಗಿಲ್ರೀ, ದಿನ ಎಣಿಸ್ಕೋತ ಕುಂದರ್ತಾಳ. ಅದಕ್ಕ ಪೂರಾ ಬಿಟ್ಟೀನಿ.”

ಮರಳುವಾಗ ಬಸ್ ಸ್ಟ್ಯಾಂಡಿನಲ್ಲಿ ನಾನು ಏನೋ ಹೇಳಹೋದೆ. “ಸುಮ್ನ ನಿಂದ್ರಲೇ. ನಿನಗೇನು ಕೊಟ್ಟಿಲ್ಲ ನಾನು. ಆಕಿಗೆ ಕೊಟ್ಟೀನಿ” ಅಂದಳು. ಆಮೇಲೆ ಮಗಳಿಗೆ, ಅಲ್ಲಿ ಚಳಿ ಬಹಳವಂತೆ, ಕಂಬಳಿ ಕಟ್ಟಿಕೊಂಡು ಹೋಗು ಎಂದು ಹೇಳಿದಳು. ಮಗಳು “ಹೂಂ ಅತ್ತಿ” ಎಂದು ಆ ಕಡೆ ಮುಖ ತಿರುಗಿಸಿದಳು.

ಮಗಳು ಹೋದಳು, ಓದಿದಳು, ಬಂದಳು. ಈಗ ಬೀಜ ಪರೀಕ್ಷೆ ಮಾಡುವ ಕೆಲಸದಲ್ಲಿದ್ದಾಳೆ. ಅದನ್ನೆಲ್ಲ ಜನ ಬಲ್ಲರು. ಅವರಿಗೆ ತಿಳಿಯದ್ದು ಬೇರೆ ಇದೆ.

ಮಗಳು ಪರದೇಶದಲ್ಲಿದ್ದಾಗಲೇ ಅಕ್ಕ ಹಡಗಲಿ ಕಡೆಯಿಂದ ಸೊಸೆ ತಂದಳು. ಮದುವೆಯ ಚಪ್ಪರಕ್ಕೆ ದೀಪದ ವೈರು ಎಳೆಯುತ್ತ ನಾನು ಏಣಿಯ ಮೇಲಿದ್ದೆ. ಕೆಳಗೆ ಅಕ್ಕನ ನಾದಿನಿ, “ಮಗಳು ಕಲಿತಮ್ಯಾಲೆ ನಿನ್ನ ತಮ್ಮಗ ಸೊಕ್ಕು ಬಂತೇನಬೇ? ಕೊಡ್ತೀನಂದು ಕೈ ಎತ್ತಿದನಲ್ಲ” ಎಂದು ಕುಟುಕಿದಳು.

“ಅವನು ಕೊಡ್ತೀನಂತ ಮನಿಮಟ ಬಂದಿದ್ದ” ಅಂದಳು ಅಕ್ಕ, ಎಲ್ಲರಿಗೂ ಕೇಳುವ ಹಾಗೆ. “ನಾನ ಒಲ್ಲೆ ಅಂದೆ. ಅಷ್ಟು ಓದಿದಾಕಿ ಬಂದು ನಮ್ಮ ಮನ್ಯಾಗ ನೆಲಕ್ಕ ಹೆಂಡಿ ಬಳೀತಾಳೇನು?”

ನಾನು ಬಾಯಿ ತೆರೆದೆ. ಆಕೆ ತಲೆ ಎತ್ತಿ ಒಂದು ನೋಟ ನೋಡಿದಳು. ಮುಚ್ಚಿದೆ. ಓದಿದ ಹುಡುಗಿ ಬೇಡವೆಂದ ಗಟ್ಟಿ ಹೆಂಗಸು ಎಂಬ ಹೆಸರು ಆಕೆಗೆ ಅಂಟಿಕೊಂಡಿತು. ಅಕ್ಕನ ಗಂಡ, ನಮ್ಮ ಮಾವ ಕೂಡ ಆ ಸಿಟ್ಟಿಗೆ ಬಹಳ ದಿನ ಆಕೆಯೊಡನೆ ನೆಟ್ಟಗೆ ಮಾತಾಡಲಿಲ್ಲ. ನಾನು ಕೊಟ್ಟೂರಿನಲ್ಲಿ ಮಾತಿಗೆ ತಪ್ಪದವನಾಗಿಯೇ ಉಳಿದೆ.

ಅಕ್ಕ ತೀರಿಕೊಂಡ ದಿನ ಮಗಳು ಆಕೆಯ ಕಾಲು ಹಿಡಿದು ಅಳುತ್ತಿದ್ದಾಗಲೂ ಅಂಗಳದಲ್ಲಿ ಯಾರೋ ಅಂದರು, ಪಾಪ, ಇದೇ ಹುಡುಗಿಯನ್ನಲ್ಲವೇ ಆಕೆ ಒಲ್ಲೆ ಅಂದದ್ದು ಎಂದು. ಆಕೆ ಇರುವತನಕ ನನಗೆ ಬಾಯಿ ಬಿಡಗೊಡಲಿಲ್ಲ. ಈಗ ಆ ನೋಟ ನೋಡುವವರಿಲ್ಲ. ತಂಬ್ರಹಳ್ಳಿಯವರು ಯಾರಾದರೂ ಇದನ್ನು ಓದಿದರೆ ತಿಳಿಯಲಿ: ನಮ್ಮಕ್ಕ ಒಲ್ಲೆ ಅಂದವಳಲ್ಲ.