ಮಹಾದೇವಿಯ ದವಡೆ

ಸೋಮವಾರ, ಸಂಜೆ ಏಳು ಗಂಟೆ. ಬನಹಟ್ಟಿಯಲ್ಲಿ ತಮ್ಮನ ಅಡುಗೆಮನೆ. ಹಾಜರಿದ್ದವರು ತಮ್ಮ ಈರಪ್ಪ, ಅವನ ಹೆಂಡತಿ ಮಹಾದೇವಿ ಮತ್ತು ನಾನು. ಹೀಗೆ ಹಾಜರಿ ಹಾಕುವುದು ಮುಧೋಳದ ಹುಡುಗಿಯರ ವಸತಿನಿಲಯ ನೋಡಿಕೊಳ್ಳುತ್ತಿದ್ದಾಗ ಅಂಟಿದ ಚಟ. ನಗಬೇಡಿ, ನಿವೃತ್ತಳಾದರೂ ಗಂಟೆ ಹೊಡೆಯದೆ ನನಗೆ ಹಸಿವಾಗುವುದಿಲ್ಲ.

ಮಹಾದೇವಿ ಆಕಳಿಸಿದಳು. ಕಿವಿಯ ಮುಂದೆ ‘ಕಟಕ್’ ಎಂದಿತು. ಆ ಸದ್ದಿಗೆ ನನ್ನ ಸಿಟ್ಟು ಮತ್ತೆ ಏರಿತು.

ಬೆಳಿಗ್ಗೆಯಷ್ಟೇ ಅವಳನ್ನು ಜಮಖಂಡಿಯ ಹಲ್ಲಿನ ಡಾಕ್ಟರಿಗೆ ತೋರಿಸಿದ್ದೆ. ಇಷ್ಟು ವರ್ಷ ಮನೆಯವರು ಇದಕ್ಕೆ ಕಿವಿನೋವೆಂದು ಹೆಸರಿಟ್ಟು ಕಿವಿಗೆ ಬೆಳ್ಳುಳ್ಳಿ ಎಣ್ಣೆ ಬಿಟ್ಟರು. ಈಗ ಬಾಯಿ ಎರಡು ಬೆರಳಿನಷ್ಟೂ ತೆರೆಯುತ್ತಿಲ್ಲ. ಈರಪ್ಪನ ಪ್ರಕಾರ, “ಮಾತು ಬಾಳ ಆತು, ಕೀಲು ಸವದಾವು!”

ಡಾಕ್ಟರು ಒಂದೊಂದಾಗಿ ಕೇಳಿದರು. ನಿದ್ದೆಯಲ್ಲಿ ಹಲ್ಲು ಕಡಿಯುತ್ತೀರಾ? ಗದ್ದಕ್ಕೆ ಪೆಟ್ಟಾಗಿತ್ತೇ? ಬೇರೆ ಕೀಲುಗಳೂ ನೋಯುತ್ತವೆಯೇ? ಎಲ್ಲಕ್ಕೂ ಇಲ್ಲವೆಂದಳು. ಊಟ ಏನು ಎಂದಾಗ ನನ್ನ ಮುಖ ನೋಡಿದಳು.

“ಕಡಕ್ ರೊಟ್ಟಿರಿ. ಬಲಗಡೆ ಹಲ್ಲು ತಗಿಸೇನಿ, ಎಲ್ಲಾ ಎಡಗಡೇನ ಅಗೀತೀನಿ.”

“ಇದ ಒಂದ ಕಾರಣ ಅಂತ ಹೇಳಾಕ ಬರೂದಿಲ್ರಿ. ಆದ್ರ ಸದ್ಯಕ್ಕ ಮೆತ್ತಗಿಂದ ತಿನ್ರಿ. ಹಿಂಗ ಬಿಟ್ರ ಬಾಯಿ ಇನ್ನೂ ಬಿಗೀತೈತಿ,” ಎಂದರು ಡಾಕ್ಟರು.

ಒಣಗಿ ಗಟ್ಟಿಯಾದ ಈ ಕಡಕ್ ರೊಟ್ಟಿ ನಮ್ಮ ಸೀಮೆಯ ಹೆಮ್ಮೆ, ಒಪ್ಪುತ್ತೇನೆ. ಶೇಂಗಾಚಟ್ನಿ, ಕೆನೆಮೊಸರು, ಗಟ್ಟಿ ಹಲ್ಲು ಇದ್ದರೆ ಅಂಥ ಊಟ ಇನ್ನೊಂದಿಲ್ಲ. ಆದರೆ ನಮ್ಮ ಮನೆಯಲ್ಲಿ ಹಂಚಿನಿಂದಿಳಿದ ಬಿಸಿ ರೊಟ್ಟಿ ಅಪ್ಪನಿಗೆ, ಆಮೇಲೆ ಗಂಡುಮಕ್ಕಳಿಗೆ. ಕೊನೆಗೆ ಕೂತ ಅವ್ವ ಬುಟ್ಟಿಯ ತಳದ ಹಳೆಯದನ್ನು ಮುರಿಯುವ ಸದ್ದು ಪಡಸಾಲೆಗೂ ಕೇಳುತ್ತಿತ್ತು. ಅವ್ವನಿಗೆ ಕಡಕ್ ರೊಟ್ಟಿಯೇ ಇಷ್ಟವೆಂದು ನಾವೆಲ್ಲ ನಂಬಿದ್ದೆವು. ಅವಳನ್ನು ಯಾರೂ ಕೇಳಿರಲಿಲ್ಲ. ಮುಂದೆ ಹಾಸ್ಟೆಲಿನ ಕೆಲಸಕ್ಕೆ ಸೇರಿದ ನಾನು ಸಾಲಿನಲ್ಲಿ ಕೂತು ಎಲ್ಲರ ಹಾಗೆ ಬಿಸಿಯದನ್ನೇ ತಿಂದೆ. ನನ್ನ ದವಡೆ ಇಂದಿಗೂ ಸುಸ್ಥಿತಿಯಲ್ಲಿದೆ.

“ಹಳೇದು ನಿನಗ ಯಾಕ ಬೇ? ಯಾರು ಹೇಳ್ಯಾರ?” ಎಂದು ಈಗ ಅಡುಗೆಮನೆಯಲ್ಲಿ ಮಹಾದೇವಿಯನ್ನು ಕೇಳಿದೆ.

“ಯಾರೂ ಹೇಳಿಲ್ರಿ ಅಕ್ಕಾರ. ಉಳದದ್ದು ಚೆಲ್ಲೂದು ಹ್ಯಾಂಗ?”

ಯಾರೂ ಹೇಳಿಲ್ಲ! ಹೇಳಿದ್ದರೆ ಅವರೊಡನೆ ಜಗಳವಾದರೂ ಆಡಬಹುದಿತ್ತು.

ಮಣೆಯ ಮೇಲೆ ಕೂತ ಈರಪ್ಪ ಸಮಾಧಾನದಿಂದ ಹೇಳಿದ: “ಸಾರಿನ್ಯಾಗ ನೆನಸಿ ತಿನ್ನಲಿ ಬಿಡಕ್ಕಾ. ಅದಕ್ಯಾಕ ಇಷ್ಟ ಸಿಟ್ಟು?”

“ಛಲೋ ಆತು. ನೀನ ನೆನಸಿಕೊಂಡು ತಿನ್ನು.”

ಮಹಾದೇವಿಯ ಕೈಯಿಂದ ಹಿಟ್ಟು ಕಸಿದುಕೊಂಡು ನಾನೇ ರೊಟ್ಟಿ ಬಡಿಯತೊಡಗಿದೆ. ಮೊದಲ ರೊಟ್ಟಿ ಸೊಟ್ಟಗಾಯಿತು, ಇರಲಿ. ಅದನ್ನು ಮಹಾದೇವಿಯ ತಾಟಿಗೆ ಹಾಕಿದೆ. ಅವಳು ಗಂಡನ ಖಾಲಿ ತಾಟನ್ನೇ ನೋಡುತ್ತ ಕೂತಳು.

“ತಿನ್ನವಾ, ಆರತೈತಿ,” ಎಂದು ಗದರಿದೆ.

ಚಿಕ್ಕ ಚೂರು ಮುರಿದು ಬಾಯಿಗಿಟ್ಟು ನಿಧಾನವಾಗಿ ಅಗಿದಳು. ಸದ್ದಾಗಲಿಲ್ಲ. ಎರಡನೆಯದನ್ನೂ ಅವಳಿಗೇ ಹಾಕಿದೆ. ಆಮೇಲೆ ಕಡಕ್ ರೊಟ್ಟಿಯ ಬುಟ್ಟಿಯನ್ನು ತಮ್ಮನ ಮುಂದೆ ಸರಿಸಿ, ಹಂಚು ಇಳಿಸಿ, ಒಲೆ ಆರಿಸಿದೆ.