ನಾನು ಹೇಳದೆ ಬಿಟ್ಟ ಹಾಲಿನ ಬಟ್ಟಲು

ಅವ್ವ ಗೋಡೆಯ ಕಡೆ ಮುಖ ಮಾಡಿ ಕೂತಿದ್ದಳು. ನನಗೆ ಕಂಡದ್ದು ಅವಳ ಬೆನ್ನು ಮಾತ್ರ. ಮಡಿಲಲ್ಲಿ ಪಕ್ಕದ ಮನೆಯ ಹೆಣ್ಣು ಕೂಸು ಚೀರಿ ಚೀರಿ ಅಳುತ್ತಿತ್ತು. ಅವ್ವ ಸೆರಗು ಎಳೆದು ಅದರ ಮೇಲೆ ಹಾಕಿದಳು. ಸ್ವಲ್ಪ ಹೊತ್ತಿಗೆ ಅಳು ನಿಂತಿತು, ಚೀಪುವ ಸದ್ದು ಕೇಳಿಸಿತು. ಆಮೇಲೆ ಅವ್ವ ಕೂಸನ್ನು ಎತ್ತಿಕೊಂಡು ಒಳಗೆ ಹೋದಳು. ಅವಳು ಕೂತಿದ್ದ ಜಾಗದಲ್ಲಿ ಒಂದು ಹಿತ್ತಾಳೆ ಬಟ್ಟಲು ಉಳಿದಿತ್ತು. ತಳದಲ್ಲಿ ಒಂದಿಷ್ಟು ಆಡಿನ ಹಾಲು, ಅದರಲ್ಲಿ ನೆನೆದ ಅರಳೆಯ ಬತ್ತಿ.

ನಾನಾಗ ಎಂಟು ವರ್ಷದವಳು. ಕಂಡದ್ದು ಇಷ್ಟೇ. ಇಪ್ಪತ್ತು ವರ್ಷದ ಮೇಲೆ ನಾಲ್ಕು ಜನರ ಮುಂದೆ ಇದನ್ನು ಹೇಳುವ ಪ್ರಸಂಗ ಬಂದಾಗ ಬೆನ್ನಿನ ಮಾತು ಹೇಳಿದೆ, ಸೆರಗಿನ ಮಾತು ಹೇಳಿದೆ, ಬಟ್ಟಲಿನ ಮಾತು ಹೇಳಲಿಲ್ಲ.

ನಮ್ಮದು ಹಳಿಯಾಳದಲ್ಲಿ ಅರಳೆ ಹಿಂಜುವ ಮನೆತನ. ನಮಾಜಿನ ಮಾತು ಬಿಟ್ಟರೆ ಮನೆಯಲ್ಲಿ ಆಡುವುದೆಲ್ಲ ಕನ್ನಡವೇ. ಅಪ್ಪ ಅರಳೆ ಹಿಂಜುವ ಬಿಲ್ಲು ಹೆಗಲಿಗೆ ಹಾಕಿಕೊಂಡು ತೇರಗಾಂವ, ಸಾಂಬ್ರಾಣಿ ಎಂದು ಊರೂರು ತಿರುಗಿ ಗಾದಿ ಹೊಲಿದು ಬರುತ್ತಿದ್ದ. ನನ್ನನ್ನು ಮೂರನೇ ಇಯತ್ತೆಯವರೆಗೆ ಕನ್ನಡ ಶಾಲೆಗೆ ಕಳಿಸಿದರು. ಪಕ್ಕದ ಮನೆಯವರು ಕಾರವಾರದ ಕಡೆಯಿಂದ ಬಂದು ಒಣಮೀನಿನ ವ್ಯಾಪಾರ ಮಾಡಿಕೊಂಡಿದ್ದ ನಮ್ಮವರೇ. ನನ್ನ ತಮ್ಮ ಆರು ತಿಂಗಳ ಕೂಸಾಗಿದ್ದಾಗ ಅವರ ಮನೆಯಲ್ಲಿಯೂ ಹೆಣ್ಣು ಕೂಸಿತ್ತು. ಅದರ ತಾಯಿ ಚಳಿಜ್ವರದಲ್ಲಿ ಮೂರು ದಿನ ಎಚ್ಚರವಿಲ್ಲದೆ ಬಿದ್ದಳು. ಆ ಮೂರು ದಿನ ಕೂಸು ನಮ್ಮ ಮನೆಯಲ್ಲಿತ್ತು. ಅಪ್ಪ ಸಾಂಬ್ರಾಣಿಗೆ ಹೋಗಿದ್ದ. ಮನೆಯಲ್ಲಿ ಇದ್ದವರು ಅವ್ವ, ನಾನು, ಎರಡು ಕೂಸುಗಳು.

ನಮ್ಮಲ್ಲಿ ಒಂದು ಕಟ್ಟಳೆ ಇದೆ. ಒಬ್ಬಳ ಎದೆಹಾಲು ಕುಡಿದ ಕೂಸು ಆಕೆಯ ಮಕ್ಕಳಿಗೆ ಒಡಹುಟ್ಟಿದ ಹಾಗೆ. ಅವರ ನಡುವೆ ಮದುವೆ ಆಗುವುದಿಲ್ಲ. ಅದಕ್ಕೇ ತಿಳಿದ ಹೆಂಗಸರು ಗಂಡನನ್ನು ಕೇಳದೆ ಬೇರೆಯವರ ಕೂಸಿಗೆ ಎದೆ ಕೊಡುತ್ತಿರಲಿಲ್ಲ. ನಮ್ಮ ಅವ್ವ ತಿಳಿದವಳಾಗಿದ್ದಳು. ಇದನ್ನೂ ನಾನು ಆ ದಿನ ಹೇಳಲಿಲ್ಲ.

ಅಪ್ಪ, ಅವ್ವ ಇಬ್ಬರೂ ತೀರಿಕೊಂಡರು. ನನ್ನ ಮದುವೆಯಾಗಿ ಎರಡು ವರ್ಷಕ್ಕೆ ಗಂಡ ತೀರಿಕೊಂಡು ನಾನು ತವರಿಗೆ ಬಂದೆ. ಮಕ್ಕಳಿರಲಿಲ್ಲ. ಆ ಹೊತ್ತಿಗೆ ದಾಂಡೇಲಿಯಲ್ಲಿ ಕಾಗದದ ಕಾರಖಾನೆ ಶುರುವಾಗಿ ನಾಲ್ಕೈದು ವರ್ಷವಾಗಿತ್ತು. ತಮ್ಮ ಅಲ್ಲಿ ಬಿದಿರು ಇಳಿಸುವ ಕೆಲಸಕ್ಕೆ ಸೇರಿದ. ವಾರಕ್ಕೊಮ್ಮೆ ಸೂಟಿಯ ದಿನ ಬರುತ್ತಿದ್ದ. ಬಾಗಿಲಲ್ಲೇ ನಿಂತು, "ಅಕ್ಕಾ, ಏನ್ ವಾಸನಿ ಅದು? ರೊಟ್ಟಿ ಸುಟ್ಟೀಯೋ, ಮನಿ ಸುಟ್ಟೀಯೋ?" ಎಂದು ಕೂಗುತ್ತಿದ್ದ. ಅವನು ಬರುವ ಆ ಒಂದು ದಿನಕ್ಕಾಗಿ ನಾನು ಉಳಿದ ಆರು ದಿನ ಬದುಕುತ್ತಿದ್ದೆ.

ಅದೇ ವರ್ಷ ನಮ್ಮ ಓಣಿಗೆ ಮುಂಡಗೋಡದ ಕಡೆಯ ಮೌಲ್ವಿ ಒಬ್ಬರು ಬಂದರು. ಶುಕ್ರವಾರ, ಜುಮ್ಮಾ ದಿನ, ಮಧ್ಯಾಹ್ನದ ನಮಾಜಾದ ಮೇಲೆ ಹೆಂಗಸರಿಗೆ ಪಾಠ ಹೇಳುತ್ತಿದ್ದರು. ಪಡಸಾಲೆಗೆ ಅಡ್ಡ ಒಂದು ಚಾದರ ಕಟ್ಟಿ ಆಚೆ ಅವರು, ಈಚೆ ನಾವು. ಅವರು ಹೇಳುತ್ತಿದ್ದುದು ಇದು ಸರಿ, ಇದು ತಪ್ಪು ಎಂಬ ಪಟ್ಟಿಯಲ್ಲ. ತೀರ್ಪು ಎಲ್ಲಿಂದ ಬರುತ್ತದೆ, ಹೇಗೆ ಬರುತ್ತದೆ ಎಂಬುದನ್ನು. ಅದಕ್ಕೆ ಉಸೂಲ್, ಅಂದರೆ ಬೇರುಗಳು ಎನ್ನುತ್ತಿದ್ದರು. ಮೊದಲು ಕುರಾನು ನೋಡಬೇಕು, ಆಮೇಲೆ ಪ್ರವಾದಿಯವರ ನಡೆನುಡಿ, ಆಮೇಲೆ ತಿಳಿದವರೆಲ್ಲ ಒಪ್ಪಿದ ಮಾತು. ಅಲ್ಲೆಲ್ಲೂ ಸಿಗದಿದ್ದರೆ ಸಿಕ್ಕಿದ ಒಂದು ಸಂಗತಿಯ ಜೊತೆ ಹೊಸದನ್ನು ಇಟ್ಟು ಹೋಲಿಸಬೇಕು.

ಓಣಿಯ ಒಬ್ಬ ಮುದುಕಿ ಬಾಯಿ ಬಿಗಿಹಿಡಿಯುವವಳಲ್ಲ. "ಮೌಲ್ವಿ ಸಾಬ್ರ, ಇದೆಲ್ಲಾ ನಮಗ್ಯಾಕ್ರಿ? ಹರಾಮು ಯಾವ್ದು ಹಲಾಲು ಯಾವ್ದು ಹೇಳಿಬಿಡ್ರಿ, ಒಲಿ ಮ್ಯಾಲೆ ಬ್ಯಾಳಿ ಇಟ್ಟ ಬಂದೀನಿ" ಅಂದಳು.

ಚಾದರದ ಆಚೆ ಅವರು ನಕ್ಕರು. "ಹೇಳೂದು ಸರಳ ಐತೆವ್ವಾ. ಆದ್ರ ಅದು ಎಲ್ಲಿಂದ ಬಂತು ಅಂತ ನಿಮಗ ಗೊತ್ತಿಲ್ಲಂದ್ರ, ನಾಳೆ ಯಾವನರ ಗಟ್ಟಿ ದನಿ ಇದ್ದಾಂವ ಬಂದು ಹೇಳಿದ್ದ ಧರ್ಮ ಆಗ್ತೈತಿ. ನೀವು ಹೂಂ ಅಂತೀರಿ."

"ನಮ್ಮನ್ಯಾಗ ಗಟ್ಟಿ ದನಿ ನಂದ ಐತಿ ತಗೋರಿ" ಅಂದಳು ಮುದುಕಿ. ಎಲ್ಲರೂ ನಕ್ಕರು.

ಆ ದಿನ ಅವರು ಹೇಳಿದ ಒಂದು ಸೂತ್ರ ನನಗೆ ಚೆನ್ನಾಗಿ ನೆನಪಿದೆ. ಖಾತ್ರಿಯಾಗಿ ಗೊತ್ತಿರುವುದು ಸಂಶಯದಿಂದ ಅಳಿದು ಹೋಗುವುದಿಲ್ಲ. ಮುದುಕಿ ಅದಕ್ಕೂ ಸುಮ್ಮನಿರಲಿಲ್ಲ. ಅವಳ ನೀರಿನ ಹಂಡೆಯಲ್ಲಿ ಇಲಿ ಬಿದ್ದು ಎದ್ದು ಹೋಗಿರಬಹುದು ಎಂದು ಇಡೀ ಹಂಡೆ ಚೆಲ್ಲಿ ಬಂದಿದ್ದಳಂತೆ.

"ಇಲಿ ನೋಡಿದ್ಯೇನು?"

"ಇಲ್ರಿ, ಬುಳಕ್ ಅಂತು."

"ನೀರು ಸ್ವಚ್ಛ ಇತ್ತು ಅನ್ನೂದು ಖಾತ್ರಿ. ಬುಳಕ್ ಅಂದದ್ದು ಇಲಿನೋ ಮತ್ತೊಂದೋ, ಅದು ಸಂಶಯ. ಬರೇ ಸದ್ದಿಗೆ ನೀರು ಹೊಲಸ ಆಗೂದಿಲ್ಲ. ಕಣ್ಣಿಲೆ ಕಂಡದ್ದು ಬ್ಯಾರೆ, ಮನಸಿನಾಗ ತಿಳ್ಕೊಂಡದ್ದು ಬ್ಯಾರೆ. ಎರಡೂ ಕೂಡಿಸಬ್ಯಾಡ್ರಿ."

ಈ ಪಾಠ ಕೇಳಿ ಒಂದು ತಿಂಗಳೂ ಆಗಿರಲಿಲ್ಲ. ತಮ್ಮ ಒಂದು ಸೂಟಿಯ ದಿನ ಊಟ ಮಾಡುತ್ತ, ತಲೆ ಎತ್ತದೆ, ಪಕ್ಕದ ಮನೆಯ ಹುಡುಗಿಯನ್ನು ಮದುವೆಯಾಗುವುದಾಗಿ ಹೇಳಿದ. "ಆಕೀಗೂ ಮನಸೈತೆಕ್ಕಾ. ಮದಿವ್ಯಾದ ಮ್ಯಾಲೆ ದಾಂಡೇಲಿಗೇ ಕರ್ಕೊಂಡು ಹೋಗ್ತೇನಿ. ಒಂದು ಖೋಲಿ ನೋಡೀನಿ."

ಒಂದೇ ಖೋಲಿ. ನನ್ನನ್ನು ಬಾ ಎನ್ನಲಿಲ್ಲ. ಅವನ ತಲೆಗೆ ಅದು ಹೊಳೆದಿರಲಿಕ್ಕಿಲ್ಲ. ನಾನು ರೊಟ್ಟಿ ಬಡಿಯುತ್ತಲೇ ಇದ್ದೆ.

ಮಾತುಕತೆಯ ದಿನ ಹೆಂಗಸರು ಕೂಡಿದ್ದಾಗ ಅದೇ ಮುದುಕಿ ಹುಡುಗಿಯ ಗಲ್ಲ ಹಿಡಿದು, "ಈಕಿ ಕೂಸಿದ್ದಾಗ ಇದೇ ಮನಿಯಾಗ ಇದ್ದಾಕಿ. ಆಗ ಹೊಟ್ಟಿಗೇನು ಗಾಳಿ ಕುಡದಿದ್ಯೇನ?" ಎಂದು ನಗೆಯಾಡಿದಳು. ನಗುವುದಕ್ಕೆ ಶುರುಮಾಡಿದವರು ಅರ್ಧಕ್ಕೇ ನಿಲ್ಲಿಸಿದರು. ಎಲ್ಲರೂ ನನ್ನ ಕಡೆ ನೋಡಿದರು. ಹುಡುಗಿಯ ತಾಯಿಗೆ ಆ ಮೂರು ದಿನದ ನೆನಪೇ ಇಲ್ಲ. ಅವ್ವ ಮಣ್ಣಿನಲ್ಲಿದ್ದಳು. ಉಳಿದವಳು ನಾನೊಬ್ಬಳು.

ಮರುವಾರ ನಮ್ಮ ಪಡಸಾಲೆಯಲ್ಲಿ ಮೌಲ್ವಿಯವರು, ಹುಡುಗಿಯ ತಂದೆ, ಓಣಿಯ ಹಿರಿಯರೊಬ್ಬರು, ತಮ್ಮ ಕೂತರು. ನಾನು ಬಾಗಿಲ ಹಿಂದೆ ನಿಂತೆ.

"ತಂಗೀ, ನಿಮ್ಮವ್ವ ಆ ಕೂಸಿಗೆ ಎದಿ ಹಾಲು ಕೊಟ್ಟಿದ್ದು ನೀ ನೋಡೀಯೇನು?"

ನಾನು ಬೆನ್ನು, ಸೆರಗು, ಅಳು ನಿಂತದ್ದು, ಚೀಪುವ ಸದ್ದು ಎಲ್ಲ ಹೇಳಿದೆ.

"ಕಣ್ಣಿಲೆ ಕಂಡ್ಯೋ, ಮನಸಿನಾಗ ತಿಳ್ಕೊಂಡ್ಯೋ?"

ಈ ಪ್ರಶ್ನೆ ಬರುತ್ತದೆ ಎಂದು ನನಗೆ ಗೊತ್ತಿತ್ತು. ಪಾಠ ಕೇಳಿದವಳಲ್ಲವೇ. ಎಂಥ ಮಾತು ನಿಲ್ಲುತ್ತದೆ, ಎಂಥ ಮಾತು ಬೀಳುತ್ತದೆ ಎಂಬುದನ್ನು ಅವರೇ ನನಗೆ ಕಲಿಸಿದ್ದರು.

"ಕಣ್ಣಿಲೇ ಕಂಡೀನ್ರಿ" ಅಂದೆ.

ಹುಡುಗಿಯ ತಂದೆ ತಡೆಯಲಾರದೆ, "ಎಷ್ಟು ಸಲ ಕಂಡಿ? ನಮ್ಮ ಕಡೆಯವರಿಗೆ ಐದು ಸಲ ಕುಡಿದರೆ ಮಾತ್ರ ಆ ಕಟ್ಟಳೆ" ಅಂದರು. ಕರಾವಳಿಯವರು ನಡೆಯುವ ಪಂಥ ಬೇರೆ, ನಮ್ಮದು ಬೇರೆ.

"ನಿಮಗ ಐದು, ನಮಗ ಒಂದು ಗುಟುಕು ಸಾಕು" ಅಂದರು ಮೌಲ್ವಿ. "ಅದು ಆಮ್ಯಾಲಿನ ಮಾತು. ಕುಡದೈತೋ ಇಲ್ಲೋ ಅನ್ನೂದು ಇಬ್ಬರಿಗೂ ಮೊದಲು ಖಾತ್ರಿ ಆಗಬೇಕಲ್ಲ." ತಮ್ಮನ ಕಡೆ ತಿರುಗಿದರು. "ನೋಡಪಾ, ಇದಕ್ಕ ಇಬ್ಬರು ಗಂಡಸರ ಸಾಕ್ಷಿ ಬೇಕು, ಇಲ್ಲಾ ಒಬ್ಬ ಗಂಡಸು, ಇಬ್ಬರು ಹೆಂಗಸರು. ನಿಮ್ಮಕ್ಕ ಒಬ್ಬಾಕಿ ಹೇಳಿದ್ದಕ್ಕ ನಾ ಈ ನಿಕಾಹ ನಿಲ್ಲಸಾಕ ಬರೂದಿಲ್ಲ. ಓದಸು ಅಂದ್ರ ಓದಸ್ತೇನಿ. ಆದ್ರ ಆಕಿ ಹೇಳಿದ್ದು ಖರೇ ಅಂತ ನಿನ್ನ ಮನಸಿಗೆ ಅನಿಸಿದ್ರ, ದೂರ ಸರಿಯೂದು ಛಲೋ. ಅದು ನಿನಗ ಬಿಟ್ಟದ್ದು."

ತಮ್ಮ ಬಾಗಿಲ ಕಡೆ ನೋಡಿದ. ಸಂದಿಯಿಂದ ಅವನ ಒಂದು ಕಣ್ಣು ಮಾತ್ರ ನನಗೆ ಕಾಣುತ್ತಿತ್ತು. ಆಗ ಬಟ್ಟಲಿನ ಮಾತು ನಾಲಿಗೆಯ ತುದಿಯಲ್ಲಿತ್ತು. ಅಡಿಗೆಮನೆಯ ಗೂಡಿನಲ್ಲಿ ಆ ಬಟ್ಟಲೇ ಇತ್ತು, ಮಗುಚಿ ಇಟ್ಟದ್ದು.

"ನಮ್ಮಕ್ಕ ಸುಳ್ಳು ಹೇಳೂದಿಲ್ಲ" ಅಂದ.

ಅಷ್ಟಕ್ಕೆ ಮುಗಿಯಿತು. ಧರ್ಮಕ್ಕೆ ಸಾಲದ ನನ್ನ ಒಂಟಿ ಮಾತು ಅವನಿಗೆ ಸಾಕಾಯಿತು. ಏಳುವ ಮುಂಚೆ ಅವನು ಒಂದು ಪ್ರಶ್ನೆ ಕೇಳಿದ. "ಹಂಗಾರ ಆಕಿ ನನಗ ತಂಗಿ ಅಂತ ತಿಳ್ಕೊಳ್ಳಲ್ರಿ?"

ಮೌಲ್ವಿ ತಲೆಯಾಡಿಸಿದರು. "ತಂಗಿ ಅನ್ನಾಕೂ ಅಷ್ಟ ಸಾಕ್ಷಿ ಬೇಕಪಾ. ಸಂಶಯ ಇದ್ದಲ್ಲಿ ಎರಡೂ ಕಡೆ ಎಚ್ಚರ ಇರಬೇಕು. ಮದಿವಿ ಬ್ಯಾಡ. ತಂಗಿ ಅಂತ ಎದುರಿಗೆ ಕುಂತು ಮಾತಾಡೂದೂ ಬ್ಯಾಡ."

ನಾನು ಅಷ್ಟು ದೂರ ಯೋಚಿಸಿರಲಿಲ್ಲ. ಅವಳು ಅವನಿಗೆ ಹೆಂಡತಿಯಾಗಲಿಲ್ಲ, ತಂಗಿಯೂ ಆಗಲಿಲ್ಲ. ಬಾವಿಯ ಹತ್ತಿರ ಅವಳು ಎದುರಾದರೆ ತಮ್ಮ ಮುಖ ತಿರುಗಿಸಿ ಗೋಡೆ ನೋಡುತ್ತ ನಿಲ್ಲುತ್ತಿದ್ದ. ಅವಳ ಹೆಜ್ಜೆಯ ಸದ್ದು ಓಣಿಯ ತಿರುವು ದಾಟುವವರೆಗೂ ಹಾಗೇ.

ಮೂರು ತಿಂಗಳಲ್ಲಿ ಅವಳಿಗೆ ಮುಂಡಗೋಡದ ಸಂಬಂಧ ಗೊತ್ತಾಯಿತು. ಮದುವೆಗೆ ಇನ್ನೂ ಒಂದು ತಿಂಗಳಿತ್ತು. ಒಂದು ಜುಮ್ಮಾ ದಿನ ಪಾಠ ಮುಗಿದು ಎಲ್ಲರೂ ಎದ್ದ ಮೇಲೆ ನಾನು ಚಾದರದ ಈಚೆ ಉಳಿದೆ. "ಮೌಲ್ವಿ ಸಾಬ್ರ, ಯಾವಾಕೀನೋ ಒಬ್ಬಾಕಿ ಸಾಕ್ಷಿ ಹೇಳುವಾಗ ಅರ್ಧ ಹೇಳಿದ್ರ?" ಎಂದು ಕೇಳಿದೆ.

ಅವರು ಆಚೆಯಿಂದ ಮೆಲ್ಲಗೆ, "ಉಳಿದ ಅರ್ಧ ಹೇಳೂದ ಆಕೀ ತೌಬಾ, ಆಕೀ ಪಶ್ಚಾತ್ತಾಪ. ಯಾರಿಗೆ ಹೇಳಬೇಕಿತ್ತೋ ಅವರಿಗೆ ಹೇಳಬೇಕು" ಅಂದರು. ಆದರೂ ಎದ್ದು ಹೋಗಲಿಲ್ಲ. ಅವರು ಕಾಯುತ್ತಿದ್ದರು, ಅದು ನನಗೆ ತಿಳಿಯಿತು. ನಾನು ಕಾಲು ಸಪ್ಪಳವಾಗದ ಹಾಗೆ ಎದ್ದು ಬಂದೆ.

ತಮ್ಮ ಮದುವೆಯಾಗಲಿಲ್ಲ. ದಾಂಡೇಲಿಯ ಕೆಲಸ ಬಿಟ್ಟು ಜೋಯಿಡಾದ ಕಾಡಿನಲ್ಲಿ ಬಿದಿರು ಕಡಿಯುವವರ ಜೊತೆ ಹೋದ. ವಾರಕ್ಕೊಮ್ಮೆ ಬರುತ್ತಿದ್ದವನು ವರ್ಷಕ್ಕೆ ಎರಡು ಸಲ, ಹಬ್ಬಕ್ಕೆ ಬರತೊಡಗಿದ. ನನ್ನ ಮೇಲೆ ಸಿಟ್ಟಿರಲಿಲ್ಲ, ಪ್ರೀತಿಯಿಂದಲೇ ಇದ್ದ. ಬಾಗಿಲಲ್ಲಿ ನಿಂತು ಕೂಗುವುದನ್ನು ಮಾತ್ರ ಬಿಟ್ಟ. ಯಾವನನ್ನು ಇಟ್ಟುಕೊಳ್ಳಬೇಕೆಂದು ಬಾಯಿ ಮುಚ್ಚಿಕೊಂಡೆನೋ ಅವನು ಮನೆಯಲ್ಲಿ ಉಳಿಯಲಿಲ್ಲ. ಮನೆಯಲ್ಲಿ ಉಳಿದದ್ದು ಅವ್ವನ ಬೆನ್ನು. ಮಧ್ಯಾಹ್ನ ನಾನು ಅರಳೆ ಬಿಡಿಸುತ್ತ ಕೂತರೆ ಆ ಗೋಡೆಯ ಹತ್ತಿರ ಅವಳು ಕೂತಿರುತ್ತಿದ್ದಳು. "ಅವ್ವಾ, ತಿರುಗಿ ನೋಡು, ನೀನೇ ಹೇಳು" ಎಂದು ಎಷ್ಟು ಸಲ ಅಂದಿದ್ದೇನೋ. ಅವಳು ತಿರುಗುತ್ತಿರಲಿಲ್ಲ.

ಆರು ವರ್ಷದ ಮೇಲೆ ತಮ್ಮನನ್ನು ಬಿದಿರಿನ ಲಾರಿಯಲ್ಲಿ ಮಲಗಿಸಿ ತಂದರು. ಕಾಡಿನ ಜ್ವರ ತಲೆಗೇರಿತ್ತು. ಡಾಕ್ಟರು ಬಂದು ಸೂಜಿ ಮಾಡಿ ಹೋದರು. ಮೂರನೇ ದಿನ ನೀರು ನುಂಗುವ ಶಕ್ತಿಯೂ ಉಳಿಯಲಿಲ್ಲ. ನಾನು ಬಟ್ಟಲಲ್ಲಿ ನೀರು ತಂದು, ಅರಳೆಯ ಬತ್ತಿ ಮಾಡಿ, ಅದ್ದಿ ಅವನ ತುಟಿಗೆ ಇಟ್ಟೆ. ಅವನು ಚೀಪಿದ.

ಆ ಸದ್ದು ಕೇಳಿ ನನ್ನ ಕೈ ನಿಂತಿತು. ಅದೇ ಸದ್ದು. ಸೆರಗಿನ ಕೆಳಗಿನಿಂದ ಬಂದದ್ದು ಇದೇ. ಎದೆ ಚೀಪುವ ಕೂಸಿನ ಸದ್ದು ಬೇರೆ ಇರುತ್ತದೆ, ಗುಟುಕಿಗೊಮ್ಮೆ ಉಸಿರು ಎಳೆಯುತ್ತದೆ. ಇದು ಒಣ ಸದ್ದು, ಅರಳೆಯದು. ಸದ್ದು ಸಾಕ್ಷಿಯಲ್ಲ ಎಂದು ಮೌಲ್ವಿ ಹೇಳುತ್ತಿದ್ದರೋ ಏನೋ. ಅರಳೆಯ ಮನೆಯಲ್ಲಿ ಹುಟ್ಟಿದ ನನಗೆ ಸಂಶಯ ಉಳಿಯಲಿಲ್ಲ.

ಅವನ ಕಿವಿಯ ಹತ್ತಿರ ಬಗ್ಗಿ, "ತಮ್ಮಾ, ಬಟ್ಟಲಿತ್ತೋ. ಬತ್ತಿ ಇತ್ತೋ. ನಾ ಹೇಳಲಿಲ್ಲೋ" ಅಂದೆ. ಅವನ ಕಣ್ಣು ಜಂತಿಯ ಮೇಲಿತ್ತು. ಕೇಳಿಸಿಕೊಳ್ಳಲಾರದವನಿಗೆ ಹೇಳಿದ್ದು ಹೇಳಿದ ಹಾಗಲ್ಲ ಎಂದು ನನಗೆ ಗೊತ್ತು. ಹೊತ್ತು ಇಳಿಯುವ ಮುಂಚೆ ಅವನು ಹೋದ.

ಮರುದಿನ ಮಯ್ಯತ್ತು ಎತ್ತುವ ಮುಂಚೆ ಅವಳು ಬಂದಳು. ಮುಂಡಗೋಡದ ಮೊದಲ ಬಸ್ಸಿಗೆ, ಒಬ್ಬಳೇ. ಒಳಗೆ ಬರದೆ ಹೊಸ್ತಿಲ ಹೊರಗೇ ನಿಂತಳು. ನಮ್ಮ ಓಣಿಯಲ್ಲಿ ಹೊರಗಿನ ಹೆಂಗಸರಿಗೆ ಗಂಡಸಿನ ಕೊನೆಯ ಮುಖ ತೋರಿಸುವ ರೂಢಿ ಇಲ್ಲ. ತಾಯಿ, ಹೆಂಡತಿ, ಮಗಳು, ಅಕ್ಕತಂಗಿ ಮಾತ್ರ ನೋಡುತ್ತಾರೆ. ಅವಳು ಸೆರಗಿನ ತುದಿಯನ್ನು ಹಲ್ಲಿನಲ್ಲಿ ಕಚ್ಚಿಕೊಂಡು ನನ್ನನ್ನು ನೋಡಿದಳು.

"ಅಕ್ಕಾ, ನಾ ಆತಗ ಏನಾಗಬೇಕು? ನೀವೊಬ್ರೇ ನೋಡಿದವ್ರು. ಹೇಳ್ರಿ. ಒಳಗ ಬರಲೋ, ಹಿಂಗ ಹೋಗಲೋ?"

ಹೆಂಗಸರೆಲ್ಲ ನನ್ನ ಕಡೆ ತಿರುಗಿದರು. ಆರು ವರ್ಷದಿಂದ ನುಂಗಿಕೊಂಡಿದ್ದ ಉಳಿದರ್ಧ ಮಾತು ನಾಲಿಗೆಗೆ ಬಂತು. ಖರೇ ಹೇಳಿದರೆ ಅವಳು ಅವನಿಗೆ ಯಾರೂ ಅಲ್ಲ, ಹೊಸ್ತಿಲಿಂದಲೇ ತಿರುಗಿ ಹೋಗಬೇಕು. ಹೇಳಬೇಕಾದ ದಿನ ಹೇಳಿದ್ದರೆ ಅವಳು ಈ ಮನೆಯಲ್ಲೇ ಇರುತ್ತಿದ್ದಳು, ಅವನ ತಲೆಯ ಹತ್ತಿರ.

"ಕಣ್ಣಿಲೇ ಕಂಡೀನವ್ವಾ" ಅಂದೆ. "ನೀ ಆತನ ತಂಗಿ. ಬಾ ಒಳಗ."

ಅವಳು ಬಂದು ಬಟ್ಟೆ ಸರಿಸಿ ಅವನ ಮುಖ ನೋಡಿದಳು. ಯಾವತ್ತೂ ಕರೆಯದ ಹೆಸರಿನಿಂದ ಮೊದಲ ಸಲ, "ಅಣ್ಣಾ" ಅಂದಳು. ನಾನು ಗೋಡೆಯ ಕಡೆ ತಿರುಗಿ ನಿಂತೆ.

ಈಗಲೂ ಅವಳು ಪ್ರತಿ ಹಬ್ಬಕ್ಕೆ ಬರುತ್ತಾಳೆ. ಮಕ್ಕಳನ್ನು ಕರೆದುಕೊಂಡು ಬಂದು ಇದು ನಿಮ್ಮ ಮಾಮನ ಮನೆ ಎನ್ನುತ್ತಾಳೆ. ನಾನು ಆ ಬಟ್ಟಲಿನಲ್ಲೇ ಅವರಿಗೆ ಶೇವಿಗೆಯ ಖೀರು ಹಾಕಿ ಕೊಡುತ್ತೇನೆ, ಬಾಯಿ ಬಿಡುವುದಿಲ್ಲ. ಮೌಲ್ವಿಯವರು ಊರು ಬಿಟ್ಟು ಹೋಗಿ ಬಹಳ ವರ್ಷವಾಯಿತು. ಯಾರಿಗೆ ಹೇಳಬೇಕಿತ್ತೋ ಅವರಿಗೆ ಎಂದಿದ್ದರು. ಅವರಲ್ಲಿ ಉಳಿದವಳು ಇವಳೊಬ್ಬಳು. ಎದುರಿಗೆ ಕೂತು ಹೇಳುವುದು ನನ್ನಿಂದ ಆಗುವುದಿಲ್ಲ. ಅದಕ್ಕೇ ಬರೆದೆ. ಅವಳಿಗೆ ಕನ್ನಡ ಓದಲು ಬರುತ್ತದೆ.