ಆಯಿ ಮಣ್ಣು ಮಾಡಿದ ಎಲುಬುಗಳು

ಎಂಬತ್ತರ ದಶಕದ ಕೊನೆಗೆ, ಎಂ.ಬಿ.ಬಿ.ಎಸ್. ಮೊದಲ ವರ್ಷದಲ್ಲಿದ್ದಾಗ, ನಾನು ಕೂತಲ್ಲಿ ಕೂಡುತ್ತಿರಲಿಲ್ಲ. ಹತ್ತನೆಯ ತರಗತಿವರೆಗೆ ಕನ್ನಡದಲ್ಲಿ ಓದಿದವನು. ಅನಾಟಮಿ ಪುಸ್ತಕದ ಒಂದು ಪುಟ ಮುಗಿಯುವಷ್ಟರಲ್ಲಿ ಮೂರು ಸಲ ಎದ್ದು ನೀರು ಕುಡಿದು ಬರುತ್ತಿದ್ದೆ. ಎಲುಬುಗಳ ವೈವಾದಲ್ಲಿ, ಅಂದರೆ ಮೌಖಿಕ ಪರೀಕ್ಷೆಯಲ್ಲಿ, ಎಡ ತೋಳಿನ ಎಲುಬನ್ನು ಬಲದ್ದೆಂದು ಹೇಳಿ ಫೇಲಾಗಿದ್ದೆ. ದೀಪಾವಳಿ ರಜೆ ಮುಗಿದ ಮರುದಿನವೇ ಮತ್ತೆ ವೈವಾ. ಈ ಸಲವೂ ಹೋದರೆ ವರ್ಷದ ಪರೀಕ್ಷೆಗೆ ಕೂಡಿಸುವುದಿಲ್ಲ ಎಂದು ಸರ್ ಖಂಡತುಂಡವಾಗಿ ಹೇಳಿದ್ದರು.

ಹಾಗಾಗಿ ಬೋನ್‌ಸೆಟ್ ಹೊತ್ತುಕೊಂಡೇ ಊರಿಗೆ ಹೊರಟೆ. ಬೋನ್‌ಸೆಟ್ ಎಂದರೆ ನಿಜವಾದ ಮನುಷ್ಯರ ಎಲುಬು. ನಮ್ಮಲ್ಲಿ ಅದು ಸೀನಿಯರ್‌ನಿಂದ ಜೂನಿಯರ್‌ಗೆ ಬರುತ್ತಿತ್ತು. ನನ್ನದು ಎಷ್ಟು ಕೈ ದಾಟಿ ಬಂದಿತ್ತೋ. ಬಸ್ಸಿನಲ್ಲಿ ಚಿಕ್ಕೋಡಿ ದಾಟಿ ಅಥಣಿ ಬರುವವರೆಗೆ ಚೀಲವನ್ನು ತೊಡೆಯ ಮೇಲಿಟ್ಟುಕೊಂಡು, ಯಾರಾದರೂ ಏನದು ಎಂದು ಕೇಳಿಯಾರೆಂದು ಹೆದರುತ್ತಲೇ ಕೂತಿದ್ದೆ.

ನಮ್ಮೂರು ಐಗಳಿಯ ಮನೆಯೊಳಗೆ ಅದನ್ನು ಒಯ್ಯುವ ಧೈರ್ಯ ಎಲ್ಲಿಂದ ಬರಬೇಕು? ದ್ರಾಕ್ಷಿ ತೋಟದ ಪಂಪಿನ ಮನೆಯಲ್ಲಿ, ಬಳ್ಳಿಗೆ ಹೊಡೆಯುವ ಔಷಧಿ ಡಬ್ಬಿಗಳ ಹಿಂದೆ ಬಚ್ಚಿಟ್ಟು ಅಲ್ಲೇ ಓದತೊಡಗಿದೆ. ಮೂರನೆಯ ದಿನ ಅಥಣಿಗೆ ಹೋಗಿ ಬರುವಷ್ಟರಲ್ಲಿ ಚೀಲ ಖಾಲಿಯಾಗಿತ್ತು.

ಓಡಿ ಮನೆಗೆ ಬಂದರೆ ಆಯಿ, ನನ್ನ ಅಪ್ಪನ ತಾಯಿ, ಆಗಲೇ ತಲೆಗೆ ನೀರು ಹಾಕಿಕೊಂಡು ಕೂತಿದ್ದಳು. ಮನುಷ್ಯರ ಎಲುಬನ್ನು ಔಷಧಿ ಡಬ್ಬಿಗಳ ಹಿಂದೆ ಬಿಡುವುದೆಂದರೇನು ಎಂದು, ತೋಟದ ಅಂಚಿನಲ್ಲಿ ನಮ್ಮ ಮನೆತನದ ಹಿರಿಯರನ್ನೆಲ್ಲ ಹೂಳುವ ಜಾಗದಲ್ಲಿ, ಅಜ್ಜನ ಮಗ್ಗುಲಿಗೇ ಕುಣಿ ತೋಡಿಸಿ, ವಿಭೂತಿ, ಬಿಲ್ವಪತ್ರಿ ಇಟ್ಟು ಮಣ್ಣು ಮಾಡಿಸಿದ್ದಳು.

ನನ್ನ ತಲೆ ಕೆಟ್ಟಿತು. ನನ್ನ ಒಂದು ವರ್ಷವನ್ನೇ ಹೂತು ಬಂದೆಯಲ್ಲ ಎಂದು ಕೂಗಾಡಿದೆ. ಎಲ್ಲ ಕೇಳಿಸಿಕೊಂಡು ಆಯಿ, "ಯಾರದದು?" ಎಂದಳು.

ಬಲ ತೋಳಿನದು, ಕಾಲಿನದು ಎಂದೇನೋ ಶುರು ಮಾಡಿದೆ.

"ಕೈಕಾಲ ಕೇಳಲಿಲ್ಲೋ. ಮನಶ್ಯಾ ಯಾರು?"

ಗೊತ್ತಿರಲಿಲ್ಲ. ಗಂಡೋ ಹೆಣ್ಣೋ ಅದೂ ತಿಳಿಯದು. ತಿಂಗಳುಗಟ್ಟಲೆ ಅವನ್ನು ಮಂಚದ ಕೆಳಗಿಟ್ಟುಕೊಂಡು ಮಲಗಿದವನಿಗೆ ಆ ಪ್ರಶ್ನೆಯೇ ಹೊಳೆದಿರಲಿಲ್ಲ. ನಾಚಿಕೆಯಾಯಿತು. ಆದರೆ ಫೇಲಾಗುವ ಭಯ ಅದಕ್ಕಿಂತ ದೊಡ್ಡದಿತ್ತು.

ಸಲಿಕೆ ಹಿಡಿದು ಹೋದೆ. ಹಸಿ ಮಣ್ಣಿನ ಸುತ್ತ ತಿರುಗಿದೆ, ಕೂತೆ, ಮತ್ತೆ ಎದ್ದೆ. ಸಲಿಕೆ ಹಾಕಲು ಮಾತ್ರ ಕೈ ಬರಲಿಲ್ಲ. ಕೊನೆಗೆ ಆಯಿಯೇ ಬಂದು ಬರಿಗೈಯಿಂದ ಮಣ್ಣು ಸರಿಸಿದಳು. ಒಂದೊಂದೇ ಎಲುಬನ್ನು ಸೆರಗಿನಿಂದ ಒರೆಸುತ್ತ ಅವುಗಳಿಗೇ ಹೇಳಿದಳು:

"ಯಪ್ಪಾ, ಯವ್ವಾ, ಯಾರ ಇದ್ರೂ ಸಿಟ್ಟಾಗಬ್ಯಾಡ್ರಿ. ನಮ್ಮ ಹುಡುಗಂದು ಸಾಲಿ ಮುಗೀಲಿ. ಅವನೇ ನಿಮ್ಮನ್ನ ತಂದು ಇಲ್ಲೇ ಮಲಗಸ್ತಾನ." ಆಮೇಲೆ ನನ್ನ ಕಡೆ ನೋಡಿದಳು. ತರುತ್ತೇನೆ ಎಂದು ಮಾತು ಕೊಟ್ಟೆ.

ವೈವಾ ಪಾಸಾದೆ. ಮರುವರ್ಷ ಪದ್ಧತಿಯಂತೆ ಸೆಟ್ಟನ್ನು ಜೂನಿಯರ್ ಒಬ್ಬನಿಗೆ ಕೊಟ್ಟೆ. ಅವನಿಗೂ ಪರೀಕ್ಷೆ ಇದೆಯಲ್ಲ ಎಂದು ನನಗೆ ನಾನೇ ಸಮಾಧಾನ ಹೇಳಿಕೊಂಡೆ. ರಜೆಗೆ ಬಂದಾಗಲೆಲ್ಲ ಆಯಿ ಕೇಳುವಳು, ನಾನು ಮುಂದಿನ ಸಲ ಎನ್ನುವೆ.

ತೊಂಬತ್ತರ ದಶಕದಲ್ಲಿ, ನಾನು ಡಾಕ್ಟರಾದ ಮೇಲೆ, ಆಯಿ ಹಾಸಿಗೆ ಹಿಡಿದಳು. ನಾಡಿ ನೋಡಲು ಕೈ ಹಿಡಿದಾಗ ಮತ್ತೆ ಅದನ್ನೇ ಕೇಳಿದಳು. ಎಲುಬುಗಳನ್ನು ತಂದು ಅಜ್ಜನ ಮಗ್ಗುಲಿಗೇ ಮಣ್ಣು ಮಾಡಿದೆ ಎಂದು ಸುಳ್ಳು ಹೇಳಿದೆ. ಆಯಿಯ ಮುಖ ಹಗುರಾಯಿತು.

"ಹಂಗಾರ ಅವರನ್ನ ಎಬ್ಬಿಸಬ್ಯಾಡ್ರಿ," ಎಂದಳು. "ನನ್ನ ಕುಣಿ ಅವರ ಈಚಿಗೆ ತಗೀರಿ."

ಹಾಗೇ ತೆಗೆಸಿದೆವು. ಅಜ್ಜನಿಗೂ ಆಯಿಗೂ ನಡುವೆ ಒಂದಾಳಿನ ಜಾಗವಿದೆ. ಅಲ್ಲಿ ಯಾರೂ ಇಲ್ಲವೆಂದು ಗೊತ್ತಿರುವುದು ನನಗೊಬ್ಬನಿಗೇ.